ಸ್ವಾತಂತ್ರ್ಯವಾದ ಮತ್ತು ಸ್ವತ್ತಿನ ನ್ಯಾಯ: ಕೆಲವು ಗ್ರಂಥಗಳನ್ನು ಕುರಿತು

ವ್ಯಕ್ತಿಯ ಸ್ವಾತಂತ್ರ್ಯವೇ ಪರಮವಾದುದು, ರಾಜ್ಯವು ಅದರ ಕಾವಲುಗಾರ ಮಾತ್ರ ಎಂದು ಪ್ರತಿಪಾದಿಸುವ ಗ್ರಂಥಗಳನ್ನು ನಮ್ಮ ಮನೆಗಳ ತರುಣರು ಆಸಕ್ತಿಯಿಂದ ಓದುತ್ತಾರೆ. ಅವನ್ನು ಓದದೆ ತಿರಸ್ಕರಿಸುವುದೂ ಓದಿ ಮರುಳಾಗುವುದೂ ಸಮಾನವಾಗಿ ಅನುಚಿತ.

ಜಾನ್ ಸ್ಟುವರ್ಟ್ ಮಿಲ್ಲನ ‘ಆನ್ ಲಿಬರ್ಟಿ’ (1859) ಈ ಪರಂಪರೆಯ ಮೂಲಗಳಲ್ಲೊಂದು. ಒಬ್ಬನ ಅಭಿಪ್ರಾಯವನ್ನು ಅಡಗಿಸಿದರೆ ಸತ್ಯದ ಒಂದಂಶವೇ ನಷ್ಟವಾಗಬಹುದೆಂಬ ಅವನ ವಾದ, ಅನೇಕಾಂತವನ್ನು ಬಲ್ಲ ನಮಗೆ ಅಪರಿಚಿತವಲ್ಲ. ಆದರೆ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದ ಈತ, ತನ್ನ ತತ್ತ್ವ ‘ಹಿಂದುಳಿದ’ ಜನಾಂಗಗಳಿಗೆ ಅನ್ವಯಿಸದೆಂದು ಗ್ರಂಥದ ಆರಂಭದಲ್ಲೇ ಬರೆದಿಟ್ಟ. ಆಗ ಮೈಸೂರು ಸೀಮೆ 1831ರಿಂದ ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿತ್ತು. ಹೊರಗುಳಿದವರಲ್ಲಿ ನಮ್ಮ ಹಿರಿಯರೂ ಸೇರಿದ್ದರೆಂಬುದನ್ನು ಮರೆಯಬಾರದು.

ರಾಬರ್ಟ್ ನೊಜಿಕ್‌ನ ‘ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ’ 1974ರಲ್ಲಿ ಪ್ರಕಟವಾಯಿತು. ಕಾಕತಾಳೀಯವೆನ್ನಬೇಕು, ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಕಾಯಿದೆ ಜಾರಿಗೆ ಬಂದುದೂ ಅದೇ ವರ್ಷದ ಮಾರ್ಚ್ 1ರಂದು. ಗೇಣಿಯ ಜಮೀನು ಸರಕಾರಕ್ಕೆ ಸೇರಿ, ಉಳುವವರು ಅರ್ಜಿ ಸಲ್ಲಿಸಿ ಒಡೆತನ ಪಡೆದರು. ದಕ್ಷಿಣ ಕನ್ನಡದ ನಮ್ಮ ಅನೇಕ ಮನೆತನಗಳೂ ಬಸದಿಗಳೂ ಭೂಮಿಯನ್ನು ಕಳೆದುಕೊಂಡವು. ಅಂಥ ಮನೆಯ ತರುಣನಿಗೆ ನೊಜಿಕ್ ತನ್ನ ಪಕ್ಷದ ವಕೀಲನಂತೆ ತೋರುವುದು ಸಹಜ.

ಆದರೆ ನೊಜಿಕ್‌ನ ಸಿದ್ಧಾಂತಕ್ಕೆ ಮೂರು ಅಂಗಗಳಿವೆ: ಸ್ವತ್ತಿನ ನ್ಯಾಯವಾದ ಗಳಿಕೆ, ನ್ಯಾಯವಾದ ಹಸ್ತಾಂತರ, ಹಿಂದಿನ ಅನ್ಯಾಯದ ಪರಿಮಾರ್ಜನೆ. ಮೂರನೆಯದನ್ನು ಅವನೇ ಪೂರ್ತಿಯಾಗಿ ಬಿಡಿಸಲಿಲ್ಲ. ಅವನ ಭಕ್ತರಂತೂ ಅದರ ಹೆಸರೆತ್ತುವುದಿಲ್ಲ. ಆ ಭೂಮಿ ಮೊದಲು ಒಡೆಯರದಾದುದು ಹೇಗೆ? ತಲೆಮಾರುಗಳ ಕಾಲ ಗೇಣಿ ಅಳೆದವನ ಸಮ್ಮತಿಯು ಸ್ವತಂತ್ರ ಸಮ್ಮತಿಯೆ? ಈ ಪ್ರಶ್ನೆಗಳನ್ನು ಕೇಳಿದರೆ ಅದೇ ಗ್ರಂಥ ಗೇಣಿದಾರನ ಪರವಾಗಿಯೂ ಸಾಕ್ಷಿ ನುಡಿಯಬಲ್ಲುದು. ಹಾಗೆಂದು ಕಾಯಿದೆ ನಿರ್ದೋಷವೆಂದಲ್ಲ. ಮನೆತನದ ಐಶ್ವರ್ಯವನ್ನೂ ಬಸದಿಯ ನಂದಾದೀಪವನ್ನೂ ಅದು ಬಹುಮಟ್ಟಿಗೆ ಒಂದೇ ತಕ್ಕಡಿಯಲ್ಲಿ ತೂಗಿತು. ನಿಗದಿಯಾದ ವಾರ್ಷಿಕ ಹಣವು ಗೇಣಿಯ ಅಕ್ಕಿಯಂತೆ ಬೆಲೆಯೊಡನೆ ತಾನಾಗಿ ಏರುವಂಥದಲ್ಲ.

1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ ಡಿ.ವಿ.ಜಿ.ಯವರ ‘ರಾಜ್ಯಶಾಸ್ತ್ರ’ ನನಗೆ ಇವೆರಡಕ್ಕಿಂತ ಹತ್ತಿರವಾದುದು. ಅಲ್ಲಿ ಹಕ್ಕಿನ ಜೊತೆಗೇ ಪ್ರಜೆಯ ಕರ್ತವ್ಯವೂ ವಿಚಾರಣೆಗೆ ಬರುತ್ತದೆ. 1970ರಲ್ಲಿ ನಾಡು ಅರ್ಪಿಸಿದ 90,000 ರೂಪಾಯಿಗಳನ್ನು ಅವರು ಆ ಸಂಸ್ಥೆಗೇ ಕೊಟ್ಟರು. ನೊಜಿಕ್‌ನ ಪ್ರಕಾರ ಇದು ನ್ಯಾಯವಾದ ಹಸ್ತಾಂತರ, ಅಷ್ಟೆ. ಶ್ರಾವಕನು ತನ್ನ ಪರಿಗ್ರಹಕ್ಕೆ ತಾನೇ ಪರಿಮಾಣ ಹಾಕಿಕೊಳ್ಳುವ ವ್ರತಕ್ಕೆ ಅವನ ಸಿದ್ಧಾಂತ ಅಡ್ಡಿಯಾಗದು; ಆದರೆ ಅದರ ಅಗತ್ಯವೂ ಅದಕ್ಕೆ ಕಾಣದು.

ಬಸದಿಗಳ ಟ್ರಸ್ಟುಗಳು ತಮ್ಮ ವಾಚನಾಲಯಗಳಲ್ಲಿ ಈ ಮೂರನ್ನೂ ಇರಿಸಬಹುದು. ನೊಜಿಕ್‌ನ ಗ್ರಂಥ ದೊಡ್ಡದು. ಸ್ವತ್ತಿನ ವಿಚಾರವಿರುವ ಏಳನೆಯ ಅಧ್ಯಾಯವನ್ನು ಮೊದಲು ಓದುವುದು ಮೇಲು. ಡಿ.ವಿ.ಜಿ.ಯವರ ಸಂಸ್ಕೃತಭೂಯಿಷ್ಠ ಗದ್ಯ ಇಂದಿನ ಮಕ್ಕಳಿಗೆ ತೊಡಕಾದೀತು. ಹಿರಿಯರೊಬ್ಬರು ಜೊತೆಗೆ ಕುಳಿತು ಓದಿಸಬೇಕಾಗುತ್ತದೆ.