ಊರಿಗೆ ಮರಳುವ ಗಾಯಕ ಮತ್ತು ದರೋಜಿಯ ಹಾಡುಗಾರ್ತಿ

ಪೇಟೆಯಲ್ಲಿ ಹೆಸರು ಮಾಡಿದ ಗಾಯಕ ಬಹಳ ವರ್ಷಗಳ ಮೇಲೆ ಹುಟ್ಟೂರಿಗೆ ಬರುತ್ತಾನೆ. ಶಾಲೆಯಲ್ಲಿ ಜೊತೆಗೆ ಓದಿದವಳೋ ಪಕ್ಕದ ಓಣಿಯವಳೋ ಆದ ಯುವತಿ ಎದುರಾಗುತ್ತಾಳೆ. ಮೊದಲು ಜಗಳ, ಆಮೇಲೆ ಸಲುಗೆ, ಕೊನೆಗೆ ಊರವರ ಮುಂದೆ ಅವಳಿಗಾಗಿಯೇ ಕಟ್ಟಿದ ಒಂದು ಹಾಡು. ಈ ಕಥೆಯನ್ನು ನಾವೆಲ್ಲ ಒಂದಲ್ಲ ಒಂದು ರೂಪದಲ್ಲಿ ಓದಿದ್ದೇವೆ, ನೋಡಿದ್ದೇವೆ. ಅಮೆರಿಕದ ಹಾಲ್‌ಮಾರ್ಕ್ ಎಂಬ ಟಿ.ವಿ. ವಾಹಿನಿ ಊರಿಗೆ ಮರಳುವವರ ಇಂತಹ ಪ್ರೇಮಕಥೆಗಳನ್ನು ಪ್ರತಿ ಕ್ರಿಸ್‌ಮಸ್ ಹೊತ್ತಿಗೆ ಸಾಲುಸಾಲಾಗಿ ಹೊರತರುತ್ತದೆ. ನಮ್ಮ ಧಾರಾವಾಹಿಗಳಿಗೂ ಇದು ಹೊಸದಲ್ಲ. ಕಥೆ ಹಳೆಯದೆಂಬುದು ನಮ್ಮ ತಕರಾರಲ್ಲ, ಪ್ರೇಮಕಥೆಗಳೆಲ್ಲ ಹಳೆಯವೇ. ಅದರಲ್ಲಿ ಹಾಡು ಯಾವ ಕಡೆಯಿಂದ ಬರುತ್ತದೆ ಎಂಬುದು ನಮ್ಮ ಪ್ರಶ್ನೆ. ಹಾಡು ಯಾವಾಗಲೂ ರೈಲಿನಿಂದ ಇಳಿದು ಬರುತ್ತದೆ. ಊರಿಗೆ ಇರುವುದು ಕಿವಿ ಮಾತ್ರ. ಊರಲ್ಲೇ ಉಳಿದವಳಿಗಂತೂ ಕಾಯುವುದು, ಕೇಳುವುದು, ಕಣ್ಣೊರೆಸಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಈ ಕಥೆಯನ್ನು ಸಂಡೂರು ತಾಲೂಕಿನ ದರೋಜಿಗೆ ತಂದು ನೋಡೋಣ. ಹೊಸಪೇಟೆಯಿಂದ ಬಳ್ಳಾರಿಯತ್ತ ಹೋಗುವ ರೈಲುದಾರಿಯಲ್ಲಿ ಸಿಗುವ ಊರು ಅದು. ಪ್ರವಾಸಿಗರಿಗೆ ಅಲ್ಲಿನ ಕರಡಿಧಾಮ ಗೊತ್ತು. ಹಾಡಿನ ಲೋಕಕ್ಕೆ ಆ ಊರಿನ ಗುರುತು ಬುರ್ರಕಥೆಯ ಈರಮ್ಮನವರು. 1930ರಲ್ಲಿ ಹುಟ್ಟಿ 2014ರ ಆಗಸ್ಟ್ 12ರಂದು ತೀರಿಕೊಂಡ ದರೋಜಿ ಈರಮ್ಮ ಅರೆ ಅಲೆಮಾರಿಗಳಾದ ಬುಡ್ಗ ಜಂಗಮ ಸಮುದಾಯದವರು. ಅಕ್ಷರ ಕಲಿತವರಲ್ಲ. ತಂದೆ ಲಾಲಪ್ಪನವರಿಂದ ಕಥೆ ಕಲಿತು, ಹನ್ನೆರಡು ಜನಪದ ಮಹಾಕಾವ್ಯಗಳನ್ನು ನೆನಪಿನಿಂದಲೇ ಹಾಡಬಲ್ಲವರಾಗಿದ್ದರು. ಬರೆದಿಟ್ಟರೆ ಅದು ಸುಮಾರು 7,000 ಪುಟವಾಗುತ್ತದೆಂದು ಲೆಕ್ಕ ಹಾಕಿದ್ದಾರೆ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು.

ಈರಮ್ಮನವರೂ ಊರು ಬಿಟ್ಟು ಹೋಗಿ ಊರಿಗೆ ಮರಳುತ್ತಿದ್ದ ಕಲಾವಿದೆಯೇ ಅಲ್ಲವೇ? ಆದರೆ ಆ ಮರಳುವಿಕೆಯನ್ನು ಯಾರೂ ಪ್ರೇಮಕಥೆ ಮಾಡಲಿಲ್ಲ. ಅಲೆಮಾರಿ ಕಥೆಗಾರರಿಗೆ ಹೋಗುವುದೂ ಬರುವುದೂ ಹೊಟ್ಟೆಪಾಡು. ಜೊತೆಗೆ ಹಾಡುತ್ತಿದ್ದ ಸಹೋದರಿ ಶಿವಮ್ಮ, ಸಂಬಂಧಿ ಪಾರ್ವತಮ್ಮ ಮನೆಯವರೇ. ಹಾಡುವವರು ಒಂದು ಕಡೆ, ಊರಲ್ಲಿ ಕಾಯುವವರು ಇನ್ನೊಂದು ಕಡೆ ಎಂಬ ವಿಂಗಡಣೆಯೇ ಅಲ್ಲಿ ನಿಲ್ಲುವುದಿಲ್ಲ. ಗಾಯಕನನ್ನು ಒಂಟಿಯಾಗಿ ಊರಿಗೆ ಇಳಿಸುವ ಲೇಖಕರು ಇಂತಹ ಮೇಳವನ್ನು ಒಮ್ಮೆ ನೋಡಬೇಕಿತ್ತು.

ಮೇಳದ ಕ್ರಮವೂ ಗಮನಾರ್ಹ. ಬುರ್ರಕಥೆಯಲ್ಲಿ ಮುಖ್ಯ ಕಥೆಗಾರರ ಕೈಯಲ್ಲಿ ತಂಬೂರಿ ಇರುತ್ತದೆ. ಅಕ್ಕಪಕ್ಕದವರು ಬುರ್ರ ಬಾರಿಸುತ್ತಾ ಹೂಂಗುಟ್ಟುತ್ತಾರೆ, ಪ್ರಶ್ನೆ ಕೇಳುತ್ತಾರೆ, ತಮಾಷೆ ಮಾಡುತ್ತಾರೆ. ನಾಯಕ ತೀರಾ ಉಬ್ಬಿದರೆ ಪಕ್ಕದವರ ಒಂದು ಮಾತು ಅವನ ಗಾಳಿ ತೆಗೆಯಬಲ್ಲದು. ನಮ್ಮ ಪ್ರೇಮಕಥೆಯ ಗಾಯಕನ ಪಕ್ಕದಲ್ಲಿ ಹೀಗೆ ಕೇಳುವವರು ಯಾರೂ ಇಲ್ಲ. ಇಷ್ಟು ವರ್ಷ ಒಂದು ಕಾಗದವನ್ನಾದರೂ ಯಾಕಪ್ಪಾ ಬರೆಯಲಿಲ್ಲ? ಈ ಹಾಡಿನ ಮಟ್ಟು ನಿನ್ನದೋ, ಇವಳ ಅವ್ವ ರಾಗಿ ಬೀಸುವಾಗ ಹಾಡುತ್ತಿದ್ದದ್ದೋ? ಲೇಖಕ ಇಂತಹ ಪ್ರಶ್ನೆಗಳನ್ನು ಕೇಳಿಸಿಕೊಂಡಿದ್ದರೆ ಅರ್ಧ ಕಥೆ ಬೇರೆಯದೇ ಆಗುತ್ತಿತ್ತು.

ಈರಮ್ಮನವರು ಹಾಡುತ್ತಿದ್ದ ಕಾವ್ಯಗಳಲ್ಲಿ ಕುಮಾರರಾಮನದು ಈ ನೆಲದ್ದೇ ಕಥೆ. ಅವನ ತಂದೆ ಕಂಪಿಲರಾಯನ ಹೆಸರಿನೊಂದಿಗೆ ಕಂಪ್ಲಿಯ ಹೆಸರು ಬೆಸೆದಿದೆ. ಇದು ಯುದ್ಧದ ಕಥೆಯೆಂದೇ ನಾವು ಶಾಲೆಯಲ್ಲಿ ಓದಿದ್ದೇವೆ. ಆದರೆ ಪ್ರೇಮದ ದೃಷ್ಟಿಯಿಂದ ಓದಿದರೆ ಬೆರಗಾಗುತ್ತದೆ. ಚೆಂಡು ಹುಡುಕಿ ಬಂದ ಕುಮಾರರಾಮನನ್ನು ಮಲತಾಯಿ ರತ್ನಾಜಿ ಬಯಸುತ್ತಾಳೆ. ಅವನು ಒಪ್ಪದಿದ್ದಾಗ ಅವನ ಮೇಲೆಯೇ ಆರೋಪ ಹೊರಿಸುತ್ತಾಳೆ. ರಾಜ ಮರಣದಂಡನೆ ವಿಧಿಸುತ್ತಾನೆ. ಮಂತ್ರಿ ಬೈಚಪ್ಪ ಬಚ್ಚಿಟ್ಟು ಉಳಿಸುತ್ತಾನೆ. ಸತ್ತನೆಂದು ಅತ್ತವರ ನಡುವೆಯೇ ಅವನು ಯುದ್ಧಕ್ಕೆ ಮರಳುತ್ತಾನೆ. ಇದೂ ಒಂದು ಮರಳುವಿಕೆ. ಕಾದು ಕುಳಿತಿರುವುದು ಮಾತ್ರ ಮುಗುಳ್ನಗೆಯ ಗೆಳತಿಯಲ್ಲ. ರತ್ನಾಜಿಯನ್ನು ಕಾವ್ಯ ಮೆಚ್ಚುವುದಿಲ್ಲ, ನಿಜ. ಆದರೂ ಅವಳಿಗೊಂದು ಆಸೆಯಿತ್ತು, ಅದಕ್ಕೊಂದು ಹಿನ್ನೆಲೆಯಿತ್ತು ಎಂಬುದನ್ನು ಮುಚ್ಚಿಡುವುದೂ ಇಲ್ಲ. ಕೆಲವು ಪಾಠಗಳ ಪ್ರಕಾರ ಅವಳು ಮೊದಲು ಕುಮಾರರಾಮನಿಗೇ ನೋಡಿದ ಹೆಣ್ಣು.

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದವಳು ಬಾಬಮ್ಮ. ಕುಮಾರರಾಮನ ಕಥಾಪರಂಪರೆಯಲ್ಲಿ ಅವಳು ದೆಹಲಿ ಸುಲ್ತಾನನ ಮಗಳು. ವೈರಿಯ ಮನೆಯಲ್ಲಿದ್ದುಕೊಂಡೇ ಅವನಿಗೆ ಮನಸೋಲುತ್ತಾಳೆ. ಇತಿಹಾಸದಲ್ಲಿ ಇಂತಹ ರಾಜಕುಮಾರಿ ಇದ್ದಳೇ ಎಂದು ಕೇಳುವುದು ವ್ಯರ್ಥ. ಇತಿಹಾಸ ಹೇಳುವ ಕಾರಣವೂ ಕಡಿಮೆ ಕುತೂಹಲದ್ದಲ್ಲ. ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಕಂಪಿಲಿಗೆ ಓಡಿಬಂದ. ಕಂಪಿಲರಾಯ ಆಶ್ರಯ ಕೊಟ್ಟ. ಸೋಲು ಖಚಿತವಾದಾಗ ಅತಿಥಿಯನ್ನು ಹೊಯ್ಸಳ ಬಲ್ಲಾಳನ ಬಳಿಗೆ ಕಳುಹಿಸಿ ತಾನು 1327ರಲ್ಲಿ ಹೋರಾಡಿ ಸತ್ತ. ಇದನ್ನು ಇಬ್ನ್ ಬತೂತಾ ಕೂಡಾ ದಾಖಲಿಸಿದ್ದಾನೆ. ಮನೆಗೆ ಬಂದ ಮುಸ್ಲಿಂ ಅತಿಥಿಗಾಗಿ ರಾಜ್ಯವನ್ನೇ ಕಳೆದುಕೊಂಡ ದೊರೆಯ ಕಥೆ ಹೀಗಿರುವಾಗ, ಜನಪದರು ಅದರೊಳಗೆ ವೈರಿಯ ಮಗಳ ಪ್ರೀತಿಯನ್ನೂ ಸೇರಿಸಿದರು. ಅವಳ ಪ್ರೀತಿ ಕೈಗೂಡುವುದಿಲ್ಲ. ಆದರೆ ಅದು ಅವಳದೇ ಪ್ರೀತಿ. ಯಾರೋ ಊರಿಗೆ ಬಂದು ಎಬ್ಬಿಸಿದ್ದಲ್ಲ. ಇವತ್ತಿನ ಸಿನಿಮಾದಲ್ಲಿ ಸುಲ್ತಾನನ ಮಗಳಿಗೆ ಇಷ್ಟು ಜಾಗ ಸಿಕ್ಕೀತೇ?

ಜನಪ್ರಿಯ ಕಲೆಯೆಲ್ಲ ಸೋತಿದೆ ಎಂದು ನಾವು ಹೇಳುತ್ತಿಲ್ಲ. 1977ರ ‘ಸನಾದಿ ಅಪ್ಪಣ್ಣ’ ನೆನಪಿಗೆ ಬರುತ್ತದೆ. ಅಲ್ಲಿನ ಕಲಾವಿದ ಹಳ್ಳಿಯಲ್ಲೇ ಇರುವವನು; ಅವನು ಪ್ರೀತಿಸುವ ಬಸಂತಿ ಸ್ವತಃ ನರ್ತಕಿ. ರಾಜಕುಮಾರ್ ಮತ್ತು ಜಯಪ್ರದಾ ಜೋಡಿಯ ಆ ಚಿತ್ರದಲ್ಲಿ ಅಳು ಸ್ವಲ್ಪ ಹೆಚ್ಚೇ ಇದೆ. ಆದರೆ ಇಬ್ಬರಿಗೂ ಒಂದೊಂದು ವಿದ್ಯೆ ಇರುವುದರಿಂದ ಅವರ ಒಲವಿಗೆ ತೂಕ ಬಂದಿದೆ. ಶುಭಕಾರ್ಯಕ್ಕೆ ಸನಾದಿ ಬೇಕು, ಊದುವವನು ಮಾತ್ರ ದೂರ ನಿಲ್ಲಬೇಕು ಎನ್ನುವ ಸಮಾಜದಲ್ಲಿ ಆ ಒಲವು ನಡೆಯುತ್ತದೆ. ಪರದೆಯ ಮೇಲೆ ಸನಾದಿ ಹಿಡಿದವರು ರಾಜಕುಮಾರ್, ಉಸಿರು ಮಾತ್ರ ಬನಾರಸಿನ ಉಸ್ತಾದ್ ಬಿಸ್ಮಿಲ್ಲಾ ಖಾನರದು. ಆಗ ಅದನ್ನು ಯಾರೂ ಸೌಹಾರ್ದದ ಉದಾಹರಣೆಯೆಂದು ಕರೆಯಲಿಲ್ಲ, ಒಳ್ಳೆಯ ಶಹನಾಯಿ ಎಂದರು.

ಇನ್ನೊಂದು ಮಾತು. ಈ ಕಥೆಗಳ ಗಾಯಕ ಸಂಗೀತವನ್ನು ಎಲ್ಲಿ, ಯಾರ ಅನ್ನ ತಿಂದು ಕಲಿತ ಎಂಬುದು ನಮಗೆ ಗೊತ್ತೇ ಆಗುವುದಿಲ್ಲ. ಇದೇ ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ 1953ರಲ್ಲಿ ಹುಟ್ಟಿದ ಪಂಡಿತ ವೆಂಕಟೇಶಕುಮಾರರು ಹುಡುಗನಾಗಿದ್ದಾಗಲೇ ಊರು ಬಿಟ್ಟರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಹತ್ತಾರು ವರ್ಷ ಕಲಿತರು. ತಂದೆ ಹುಲೆಪ್ಪನವರು ಜನಪದ ಹಾಡುಗಾರರು. ಅಂದರೆ ರೈಲು ಹತ್ತುವ ಮೊದಲೇ ಮನೆಯಲ್ಲಿ ಹಾಡಿತ್ತು.

ದರೋಜಿಯ ಆಸುಪಾಸಿನ ಊರುಗಳಿಗೆ ಮೊಹರಂ ಹೊತ್ತಿಗೆ ಹೋದವರಿಗೂ ಇದು ತಿಳಿದೀತು. ಬಳ್ಳಾರಿ ಸೀಮೆಯಲ್ಲಿ ಕರ್ಬಲಾದ ದುಃಖವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಆ ಹೊತ್ತಿಗೆ ನಮ್ಮ ಗಾಯಕ ಗಿಟಾರು ಹೆಗಲಿಗೇರಿಸಿ ರೈಲಿಳಿದರೆ, ಹಾಡುವವರ ಸಾಲಿನಲ್ಲಿ ಅವನಿಗೆ ಸಿಗುವುದು ಹಿಂದಿನ ಜಾಗ. ಬಾಗಿಲಲ್ಲಿ ನಿಂತು ನೋಡುತ್ತಿರುವವಳಿಗೆ ಆ ಪದಗಳು ಅವನಿಗಿಂತ ಚೆನ್ನಾಗಿ ಬಾಯಿಗೆ ಬರುತ್ತವೆ.