ಏಣಿಯಿಲ್ಲದ ಗೋಪುರ, ಲಿಫ್ಟಿರುವ ಗೋಪುರ

ಬೆಂಗಳೂರಿನ ಆಕಾಶರೇಖೆ ಬದಲಾಗುತ್ತದಂತೆ. ಪೇಪರಿನಲ್ಲಿ ಈ ಮಾತು ಓದಿದಾಗಲೆಲ್ಲ ಒಂದು ಗಳಿಗೆ ನಿಲ್ಲುತ್ತೇನೆ. ನಮ್ಮ ಕೇರಿಯಲ್ಲಿ ಆಕಾಶ ನೋಡುತ್ತಿದ್ದದ್ದು ಮಳೆ ಬರುತ್ತೋ ಇಲ್ಲವೋ ಅಂತ. ಅಲ್ಲಿ ರೇಖೆ ಎಳೆಯುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಗೆರೆಗಳು ಇದ್ದದ್ದೆಲ್ಲ ನೆಲದ ಮೇಲೆ: ಇಲ್ಲಿಂದಾಚೆ ಬರಬೇಡ, ಈ ಬಾವಿ ಮುಟ್ಟಬೇಡ, ಈ ಜಗಲಿ ಹತ್ತಬೇಡ. ನೆಲದ ಗೆರೆಗಳನ್ನೇ ಇನ್ನೂ ಅಳಿಸಲಾರದ ನಾಡಿನಲ್ಲಿ ಆಕಾಶದ ಗೆರೆಯ ಚರ್ಚೆ ನಡೆದಿದೆ. ನಡೆಯಲಿ. ಆದರೆ ಅದರೊಳಕ್ಕೆ ನಾವೂ ಒಂದು ಮಾತು ಹಾಕಬೇಕಾಗಿದೆ.

2020ರಲ್ಲಿ ರಾಜ್ಯ ಸರ್ಕಾರ ಆನಂದರಾವ್ ವೃತ್ತದಲ್ಲಿ 50 ಅಂತಸ್ತಿನ ಅವಳಿ ಗೋಪುರ ಕಟ್ಟುವ ಯೋಜನೆ ಪ್ರಕಟಿಸಿತು. ಬಾಡಿಗೆ ಕಟ್ಟಡಗಳಲ್ಲಿ ಚೆದುರಿಹೋದ ಸರ್ಕಾರಿ ಕಚೇರಿಗಳು ಒಂದೇ ಸೂರಿನಡಿ ಬರಬೇಕು ಅನ್ನುವುದು ಅದಕ್ಕೆ ಕೊಟ್ಟ ಕಾರಣ. ಇಂಥ ಪ್ರಸ್ತಾಪಗಳು ಬರುತ್ತವೆ, ಮೂಲೆ ಸೇರುತ್ತವೆ, ಮತ್ತೆ ಎದ್ದು ಬರುತ್ತವೆ. ಅವು ಬಂದಾಗಲೆಲ್ಲ ಎರಡು ಬಗೆಯ ಬರವಣಿಗೆಯೂ ಜೊತೆಗೇ ಬರುತ್ತದೆ.

ಮೊದಲನೆಯದು ಹೊಗಳುವವರದು. ಅವರಿಗೆ ಎತ್ತರವೇ ಪ್ರಗತಿ. ಸಿಂಗಪುರ, ದುಬೈಗಳ ಪಟ ಎದುರಿಗಿಟ್ಟುಕೊಂಡು ನಾವು ಯಾವಾಗ ಹಾಗಾಗುವುದು ಅಂತ ಹಂಬಲಿಸುವವರು. ಎರಡನೆಯದು ಮರುಗುವವರದು. ಅವರಿಗೆ ಹಳೆಯ ಬೆಂಗಳೂರು ಬೇಕು: ಹೆಂಚಿನ ಬಂಗಲೆ, ಕಾಂಪೌಂಡಿನೊಳಗೆ ಸಂಪಿಗೆ ಮರ, ದೂರದಿಂದಲೇ ಕಾಣುವ ವಿಧಾನಸೌಧದ ಗುಮ್ಮಟ. ಗೋಪುರ ಎದ್ದರೆ ನೋಟ ಕೆಡುತ್ತದೆ ಅನ್ನುವುದು ಇವರ ಸಂಕಟ.

ಈ ಇಬ್ಬರೂ ಜಗಳವಾಡುತ್ತಿದ್ದಾರೆ ಅಂತ ನಾವು ತಿಳಿದಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಇಬ್ಬರೂ ನಿಂತಿರುವುದು ಒಂದೇ ಜಾಗದಲ್ಲಿ. ಇಬ್ಬರೂ ನೋಡುವವರು. ಒಬ್ಬರಿಗೆ ಕಂಡದ್ದು ಚೆಂದ, ಇನ್ನೊಬ್ಬರಿಗೆ ವಿಕಾರ. ಕಟ್ಟಡವನ್ನು ಹೊರುವವರ ಕಡೆಯಿಂದ, ಗುಡಿಸುವವರ ಕಡೆಯಿಂದ, ಅರ್ಜಿ ಹಿಡಿದು ಅದರ ಬಾಗಿಲಲ್ಲಿ ನಿಲ್ಲುವವರ ಕಡೆಯಿಂದ ನೋಡಿದರೆ ಅದು ಹೇಗೆ ಕಾಣುತ್ತದೆ? ಈ ಪ್ರಶ್ನೆ ಎರಡೂ ಕಡೆಯವರಿಗೆ ಹೊಳೆದೇ ಇಲ್ಲ. ನವ್ಯದ ವಿಮರ್ಶಕರು ಕವಿತೆಯ ಬಂಧ ನೋಡುತ್ತಾ ಕವಿತೆ ಯಾರ ಬಗ್ಗೆ ಅನ್ನುವುದನ್ನು ಮರೆತರಲ್ಲ, ಹಾಗೇ ಇದು.

ಗೋಪುರದ ಬಗ್ಗೆ ನಮಗೆ ಮೊದಲ ಪಾಠ ಹೇಳಿದವರು ಬಾಬಾಸಾಹೇಬರು. 1920ರ ಜನವರಿ 31ರಂದು ಹೊರಬಂದ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲೇ ಅವರು ಹಿಂದೂ ಸಮಾಜವನ್ನು ಒಂದು ಗೋಪುರಕ್ಕೆ ಹೋಲಿಸಿದರು. ಹಲವು ಅಂತಸ್ತು ಉಂಟು, ಏಣಿ ಇಲ್ಲ, ಬಾಗಿಲೂ ಇಲ್ಲ. ಹುಟ್ಟಿದ ಅಂತಸ್ತಿನಲ್ಲೇ ಸಾಯಬೇಕು. ಕೆಳಗಿನವನಿಗೆ ಎಷ್ಟೇ ಯೋಗ್ಯತೆ ಇದ್ದರೂ ಮೇಲಕ್ಕೆ ಬರುವಂತಿಲ್ಲ. ಮೇಲಿನವನು ಎಷ್ಟೇ ಅಯೋಗ್ಯನಾದರೂ ಅವನನ್ನು ಕೆಳಕ್ಕೆ ದಬ್ಬುವಂತಿಲ್ಲ. ಇಷ್ಟು ನಿಖರವಾದ ವಾಸ್ತುವಿಮರ್ಶೆ ಈ ದೇಶದಲ್ಲಿ ಇನ್ನೊಂದು ಬಂದಿಲ್ಲ. ಈಗ ಕಟ್ಟುವ ಗೋಪುರಗಳಿಗೆ ಲಿಫ್ಟು ಇದೆ. ಆ ಲಿಫ್ಟು ಯಾರಿಗೆ? ನಗರದ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದವರಿಗೆ ಬೇರೆ ಲಿಫ್ಟು ಇಟ್ಟಿದ್ದಾರಲ್ಲ, ಅದು ಏಣಿಯೋ ಅಥವಾ ಕರೆಂಟು ಕೊಟ್ಟು ಓಡಿಸುವ ಅಸ್ಪೃಶ್ಯತೆಯೋ?

ಎತ್ತರದ ಚರಿತ್ರೆಯನ್ನು ಸ್ವಲ್ಪ ಕೆಳಗಿನಿಂದ ಓದೋಣ.

ವಿಧಾನಸೌಧ 1956ರಲ್ಲಿ ಮುಗಿಯಿತು. ಕೆಂಗಲ್ ಹನುಮಂತಯ್ಯನವರ ಕನಸು ಅಂತ ಎಲ್ಲ ಪಾಠಪುಸ್ತಕದಲ್ಲೂ ಇದೆ. ಕನಸು ಅವರದು, ಸರಿ. ಕಲ್ಲು ಯಾರು ಹೊತ್ತರು? ಸಾವಿರಾರು ಕಲ್ಲುಕುಟಿಗರು, ಕೂಲಿಗಳು. ಅವರಲ್ಲಿ ಜೈಲಿನಿಂದ ಕರೆತಂದ ಕೈದಿಗಳೂ ಇದ್ದರು. ಆ ಕಟ್ಟಡದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಕೆತ್ತಿದ್ದಾರೆ. ನಾವು ಅದನ್ನು ಬರೀ ನೀತಿವಾಕ್ಯ ಅಂದುಕೊಂಡು ಓದುತ್ತೇವೆ. ಅರ್ಥ ನೋಡಿ: ಸರ್ಕಾರದ ಕೆಲಸ ದೇವರ ಕೆಲಸವಾದರೆ ಕಚೇರಿ ಗುಡಿಯಾಯಿತು, ಫೈಲು ಮೂರ್ತಿಯಾಯಿತು, ಗುಮಾಸ್ತ ಪೂಜಾರಿಯಾದ. ಹಾಗಾದರೆ ಅರ್ಜಿ ಹಿಡಿದ ಹೊಲೆಯ, ಮಾದಿಗ ಎಲ್ಲಿ ನಿಲ್ಲಬೇಕು? ಗುಡಿಯ ಹೊರಗೆ ತಾನೇ!

ಆಮೇಲೆ 1973ರಲ್ಲಿ ಮಹಾತ್ಮ ಗಾಂಧಿ ರಸ್ತೆಯ ಯುಟಿಲಿಟಿ ಬಿಲ್ಡಿಂಗ್ ಬಂತು. 25 ಅಂತಸ್ತು. ಆಗ ಬೆಂಗಳೂರಿನ ಜನಸಂಖ್ಯೆ ಸುಮಾರು 16 ಲಕ್ಷ; ಇವತ್ತಿನ ಲೆಕ್ಕದಲ್ಲಿ ಮಧ್ಯಮ ಗಾತ್ರದ ಊರು. ಹಳ್ಳಿಯಿಂದ ಬಂದವರು ರಸ್ತೆಯಲ್ಲಿ ನಿಂತು ಅದರ ಅಂತಸ್ತು ಎಣಿಸುತ್ತಿದ್ದರು. ಅದು ನಗರಪಾಲಿಕೆಯ ಕಟ್ಟಡ. ನಗರಪಾಲಿಕೆ ಅಂದರೆ ನಮಗೆ ಮೊದಲು ನೆನಪಾಗುವುದು ಜಾಡಮಾಲಿಗಳು. ಅದೇ ಕಾಲದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟರು. ಒಂದು ಕಡೆ 25 ಅಂತಸ್ತಿನ ಹೆಮ್ಮೆ, ಇನ್ನೊಂದು ಕಡೆ ತಲೆಯ ಮೇಲೆ ಮಲದ ಬುಟ್ಟಿ. ಎರಡೂ ಒಂದೇ ಕಾಲದವು. ಅದೇ 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಊರೆಲ್ಲ ಹತ್ತಿ ಉರಿಯಿತು, ಅವರು ಮಂತ್ರಿ ಪದವಿ ಕಳೆದುಕೊಂಡರು. ಪುಸ್ತಕದಲ್ಲಿ ಬೂಸಾ ಎಷ್ಟು ಅಂತ ಕೇಳುವುದನ್ನು ಅವರು ನಮಗೆ ಕಲಿಸಿಕೊಟ್ಟರು. ಕಟ್ಟಡಗಳಲ್ಲಿ ಬೂಸಾ ಎಷ್ಟು ಅಂತ ಕೇಳುವುದು ಬಾಕಿ ಇದೆ.

ಇನ್ನೊಂದು ಕಟ್ಟಡ ಇದೆ. ಅದು ಎದ್ದು ನಿಲ್ಲಲಿಲ್ಲ, ಆದ್ದರಿಂದ ಯಾವ ಆಕಾಶರೇಖೆಯಲ್ಲೂ ಇಲ್ಲ. 1983ರ ಸೆಪ್ಟೆಂಬರ್ 12ರಂದು ಗಾಂಧಿನಗರದಲ್ಲಿ, ಕಪಾಲಿ ಚಿತ್ರಮಂದಿರದ ಹತ್ತಿರ, ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ಬಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ಆನಂದರಾವ್ ವೃತ್ತದಿಂದ ಅಲ್ಲಿಗೆ ನಡೆದೇ ಹೋಗಬಹುದು.

ನನ್ನ ಚಿಕ್ಕಪ್ಪ ಆಗ ಅದೇ ಸುತ್ತಿನಲ್ಲಿ ಇನ್ನೊಂದು ಕಡೆ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಸುದ್ದಿ ಕೇಳಿ ಬಾಂಡ್ಲಿ ಬಿಸಾಕಿ ಓಡಿಹೋದವರಲ್ಲಿ ಅವನೂ ಒಬ್ಬ. ಅವನು ಅದನ್ನು ಹೇಳುತ್ತಿದ್ದದ್ದು ಕಡಿಮೆ. ಒಂದು ಸಲ ಹೀಗಂದ: 'ಸಿಮೆಂಟ್ ಧೂಳು ಮೆತ್ಕೊಂಡು ಎಲ್ರೂ ಒಂದೇ ಬಣ್ಣ ಆಗೋಗಿದ್ರು ಮಗಾ. ಯಾರು ಯಾವ್ ಜಾತಿ ಅಂತ ಗೊತ್ತಾಗ್ತಿರ್ನಿಲ್ಲ. ಬದುಕಿದ್ದಾಗ ಹಂಗ್ ಇದ್ದಿದ್ರೆ ಎಷ್ಟ್ ಚಂದಾಗಿರೋದು.' ಸೌಂದರ್ಯ ಮೀಮಾಂಸೆ ಓದಿದವರು ಈ 'ಚಂದ'ಕ್ಕೆ ಅರ್ಥ ಹೇಳಲಿ.

ಇದು ಹಳೆಯ ಕಥೆ ಅನ್ನುವವರಿಗೆ ಹೊಸದೊಂದು. ಅವಳಿ ಗೋಪುರದ ಮಾತು ಬಂತಲ್ಲ, ಅದೇ 2020ರ ಮೇ ತಿಂಗಳು. ಕೊರೊನಾ ಲಾಕ್‌ಡೌನಿನಲ್ಲಿ ಕೂಲಿ ಹೋಗಿ, ಅನ್ನ ಹೋಗಿ, ಕಟ್ಟಡ ಕಾರ್ಮಿಕರು ಊರಿಗೆ ಹೊರಟು ನಿಂತಿದ್ದರು. ರಾಯಚೂರು, ಯಾದಗಿರಿ, ಕಲಬುರಗಿಯವರು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಮಕ್ಕಳನ್ನು, ಗಂಟುಮೂಟೆಗಳನ್ನು ಹೊತ್ತು ಕಾದರು. ಬಿಹಾರ, ಒಡಿಶಾದವರು ರೈಲಿಗೆ ಕಾದರು. ಮೇ 5ರಂದು ಮುಖ್ಯಮಂತ್ರಿಗಳು ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಅವತ್ತೇ ಸರ್ಕಾರ ಆ ರೈಲುಗಳನ್ನು ರದ್ದು ಮಾಡಲು ಪತ್ರ ಬರೆಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ, ಎರಡು ಮೂರು ದಿನದಲ್ಲಿ, ಆದೇಶ ವಾಪಸಾಯಿತು. ಆದರೆ ಆ ಎರಡು ದಿನ ಸಾಕು, ಗೋಪುರದ ಅಡಿಪಾಯ ಯಾವುದು ಅಂತ ತಿಳಿಯಲು. ಕಾರ್ಮಿಕ ಊರಿಗೆ ಹೋದರೆ ಕಟ್ಟಡ ನಿಲ್ಲುತ್ತದೆ. ಅದಕ್ಕೇ ಅವನನ್ನು ಹೋಗಗೊಡಬಾರದು. ಹಳ್ಳಿಯಲ್ಲಿ ಇದಕ್ಕೆ ಜೀತ ಅನ್ನುತ್ತಿದ್ದೆವು.

ಶರಣರು ಸ್ಥಾವರ ಅಂದರು, ಜಂಗಮ ಅಂದರು. ಇಲ್ಲಿ ಗೋಪುರ ಸ್ಥಾವರ. ಅದನ್ನು ಕಟ್ಟುವವನು ತಗಡಿನ ಶೆಡ್ಡು ಬಿಚ್ಚಿಕೊಂಡು ಇನ್ನೊಂದು ಸೈಟಿಗೆ ಹೊರಡುವ ಜಂಗಮ. ಅವನ ಮಗುವಿಗೆ ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಒಂದು ವರ್ಷ ಪೂರ್ತಿ ಹೆಸರಿಲ್ಲ. ಮೇಷ್ಟ್ರುಗಳಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಚೇರಿಯೊಳಗಿನ ಮಾತು. ನಮ್ಮ ಮಕ್ಕಳ ವಿದ್ಯಾರ್ಥಿವೇತನದ ಕಾಗದ ಹಿಡಿದು ಬೆಂಗಳೂರಿನ ಒಂದು ಬಹುಮಹಡಿ ಕಚೇರಿಗೆ ನಾನು ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ಲಿಫ್ಟು ಸಿಬ್ಬಂದಿಗೆ ಮಾತ್ರ ಅಂದರು, ಮೆಟ್ಟಿಲು ಹತ್ತಿದೆ. ಎರಡನೇ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಮೂರನೇ ಸಲ ಇದು ಈ ಮಹಡಿಯದಲ್ಲ ಅಂದರು. ನಾಲ್ಕನೇ ಸಲ ಕೆಲಸವಾಯಿತು, ಆದರೆ ಅಷ್ಟರಲ್ಲಿ ಒಬ್ಬ ಹುಡುಗ ಓದು ಬಿಟ್ಟು ಗಾರೆ ಕೆಲಸಕ್ಕೆ ಸೇರಿದ್ದ. ಕಚೇರಿಯ ಎತ್ತರವನ್ನು ಇಂಜಿನಿಯರು ಮೀಟರಿನಲ್ಲಿ ಅಳೆಯುತ್ತಾನೆ. ಹಳ್ಳಿಯವನು ಅಳೆಯುವುದು ತಿರುಗಾಟದಲ್ಲಿ, ಕಳೆದುಕೊಂಡ ಕೂಲಿಯಲ್ಲಿ, ಬಸ್ ಚಾರ್ಜಿನಲ್ಲಿ. ಆ ಲೆಕ್ಕದಲ್ಲಿ ನಮ್ಮ ತಾಲ್ಲೂಕು ಕಚೇರಿಯ ಒಂದೇ ಅಂತಸ್ತಿನ ಹಂಚಿನ ಕಟ್ಟಡವೂ 50 ಅಂತಸ್ತಿನದೇ.

ಗೆಳೆಯರೇ, ಇಷ್ಟು ಹೇಳಿದ್ದರಿಂದ ನಾನು ಗೋಪುರದ ವಿರೋಧಿ ಅಂತ ತಿಳಿಯಬೇಡಿ. ಮರುಗುವವರ ಸಾಲಿನಲ್ಲಿ ನಿಲ್ಲಲು ನನಗೆ ಮನಸ್ಸಿಲ್ಲ. ಅವರು ಹಂಬಲಿಸುವ ತಂಪಾದ, ಕುಳ್ಳಗಿನ ಬೆಂಗಳೂರಿನಲ್ಲಿ ನಮಗೆ ಮನೆ ಎಲ್ಲಿತ್ತು? ಸಂಪಿಗೆ ಮರದ ಕಾಂಪೌಂಡಿಗೆ ನಾವು ಹೋಗುತ್ತಿದ್ದದ್ದು ಹಿಂಬಾಗಿಲಿನಿಂದ, ಕಕ್ಕಸು ತೊಳೆಯಲು. ಅಂಬೇಡ್ಕರ್ ಹಳ್ಳಿಯನ್ನು ಹೊಗಳಲಿಲ್ಲ. ನಗರಕ್ಕೆ ಬನ್ನಿ, ಓದಿ, ಅಧಿಕಾರದ ಜಾಗ ಹಿಡಿಯಿರಿ ಅನ್ನುವುದೇ ಅವರ ದಾರಿ. ನಮ್ಮ ಹುಡುಗಿಯೊಬ್ಬಳು 50ನೇ ಅಂತಸ್ತಿನಲ್ಲಿ ಅಧಿಕಾರಿಯಾಗಿ ಕೂತು ಸಹಿ ಹಾಕಬೇಕು ಅನ್ನುವುದು ನನ್ನ ಆಸೆಯೂ ಹೌದು. ಸರ್ಕಾರ ಬಾಡಿಗೆ ದುಡ್ಡನ್ನು ಉಳ್ಳವರಿಗೆ ಸುರಿಯುವ ಬದಲು ಸ್ವಂತ ಕಟ್ಟಡ ಕಟ್ಟಿಕೊಂಡರೆ ತಪ್ಪೇನಲ್ಲ.

ಆದರೆ ಕಟ್ಟುವ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಬೇಕು. ಕಟ್ಟುವಷ್ಟು ಕಾಲ ಕಾರ್ಮಿಕರು ಮಲಗುವುದೆಲ್ಲಿ, ಅವರ ಮಕ್ಕಳು ಓದುವುದೆಲ್ಲಿ? 1996ರ ಕಾಯಿದೆಯಂತೆ ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ಪಾಲು ಕಾರ್ಮಿಕರ ನಿಧಿಗೆ ಸೇರಬೇಕಿತ್ತು. ಕರ್ನಾಟಕದಲ್ಲಿ ಅದಕ್ಕೊಂದು ಮಂಡಳಿ 2007ರಿಂದ ಇದೆ. ಆ ದುಡ್ಡು ಸಾರುವೆಯ ಮೇಲೆ ನಿಂತವನ ಕೈಗೆ ಎಷ್ಟು ಬಂತು? ಕಟ್ಟಿದ ಮೇಲೆ ಅದನ್ನು ಗುಡಿಸುವವರು, ಅದರ ಕೊಳಚೆ ಗುಂಡಿಯ ಹತ್ತಿರ ನಿಲ್ಲುವವರು ಯಾರು? ಅವರು ಖಾಯಂ ನೌಕರರೋ, ಗುತ್ತಿಗೆಯವರೋ? ಖಾಯಂ ಮಾಡಿ ಅಂತ ಪೌರಕಾರ್ಮಿಕರು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ರಾಜ್ಯದುದ್ದಕ್ಕೂ ಮುಷ್ಕರ ಹೂಡಬೇಕಾಯಿತು. ಬೆಂಗಳೂರಿನಲ್ಲಿ ಅವರು ಕೂತದ್ದು ಫ್ರೀಡಂ ಪಾರ್ಕಿನಲ್ಲಿ, ಅಂದರೆ ಹಳೆಯ ಸೆಂಟ್ರಲ್ ಜೈಲಿನ ಜಾಗದಲ್ಲಿ. ಅದೂ ಆನಂದರಾವ್ ವೃತ್ತಕ್ಕೆ ಹತ್ತಿರವೇ. 50ನೇ ಅಂತಸ್ತಿನ ಕಿಟಕಿಯಿಂದ ಅಲ್ಲಿ ಕೂತವರು ಕಾಣಬಹುದು, ಇರುವೆಗಳ ಹಾಗೆ. ಅವರ ಕೂಗು ಕೇಳಿಸುವುದಿಲ್ಲ. ಎತ್ತರದ ಗುಣವೇ ಅದು: ನೋಟ ದೂರಕ್ಕೆ ಹೋಗುತ್ತದೆ, ಕಿವಿ ಹತ್ತಿರದ್ದನ್ನೂ ಕೇಳುವುದಿಲ್ಲ.

ಜನರಿಗೆ ಬೇಕಾದ ಕೌಂಟರುಗಳೆಲ್ಲ ನೆಲ ಅಂತಸ್ತಿನಲ್ಲೇ ಇರಲಿ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಮಂತ್ರಿಗಳ ಹೆಸರು ಕೆತ್ತುವವರು, ಕಟ್ಟಿದವರ ಹೆಸರುಗಳಿಗೂ ಒಂದು ಗೋಡೆ ಬಿಡಲಿ. ಗೋಪುರ ಚೆಂದವೋ ವಿಕಾರವೋ ಅನ್ನುವ ಚರ್ಚೆಗೆ ಅಲ್ಲಿಂದಾಚೆ ನಾವೂ ಬರುತ್ತೇವೆ.

ಚಿಕ್ಕಪ್ಪ ಈಗಿಲ್ಲ. ಕೊನೆಗಾಲದಲ್ಲಿ ಒಂದು ದಿನ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಬಸ್ಸಿನ ಕಿಟಕಿಯಿಂದ ಒಂದು ದೊಡ್ಡ ಕಟ್ಟಡ ತೋರಿಸಿ, 'ಅದ್ರ ಆರ್ನೇ ಮೋಲ್ಡ್ ಹಾಕ್ದಾಗ ನಾನಿದ್ದೆ' ಅಂದ. ಒಳಗೆ ಹೋಗಿ ನೋಡಿದ್ದೀಯಾ ಅಂತ ಕೇಳಿದೆ. 'ಗೋಡೆ ಎದ್ಮೇಲೆ ನಮ್ಮನ್ ಯಾರ್ ಬುಡ್ತಾರ್ ಮಗಾ' ಅಂದು ಕಿಟಕಿಯ ಕಡೆಗೆ ತಿರುಗಿಕೊಂಡ.