ನೆಲ ಮುಟ್ಟಿದ ಮೇಲೆ ಬೆಳೆಯುವ ಕಾಯಿ

ಜೀವದ ಬೆಳವಣಿಗೆ ಎಂದರೇನೆಂದು ತಿಳಿಯಲು ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ ಹೊಲದ ಶೇಂಗಾ ಗಿಡವೊಂದನ್ನು ಬಗ್ಗಿ ನೋಡಿದರೆ ಸಾಕು. ನಸುಕಿನಲ್ಲಿ ಅರಳಿದ ಹಳದಿ ಹೂವು ತನ್ನದೇ ಪರಾಗದಿಂದ ಫಲಗೊಂಡು ಅಂದೇ ಬಾಡುತ್ತದೆ. ಕೆಲವು ದಿನಗಳಲ್ಲಿ ಅಲ್ಲಿಂದ ನೇರಳೆ ಛಾಯೆಯ ಮೊನಚು ಕಡ್ಡಿಯೊಂದು ನೆಲದತ್ತ ಇಳಿಯುತ್ತದೆ. ಬೇರೆಂದೇ ಅನ್ನಿಸುತ್ತದೆ, ಆದರೆ ಅದರ ತುದಿಯಲ್ಲಿರುವುದು ಅಂಡಾಶಯ, ಅದರೊಳಗೆ ಭ್ರೂಣ.

ಎಂಥ ತಾಳ್ಮೆ ಆ ಭ್ರೂಣದ್ದು! ಕೆಲವೇ ಜೀವಕೋಶಗಳಾಗಿ ಒಡೆದು ಅಲ್ಲಿಗೇ ನಿಂತಿರುತ್ತದೆ. ಬೆಳಕಿರುವವರೆಗೆ ಕಡ್ಡಿಯಷ್ಟೇ ಉದ್ದವಾಗುತ್ತದೆ. ಮಣ್ಣೊಳಗಿನ ಕತ್ತಲು ಸಿಕ್ಕಿತೆಂದರೆ ತುದಿ ಅಡ್ಡ ತಿರುಗಿ ಕಾಯಿ ಕಟ್ಟತೊಡಗುತ್ತದೆ, ಭ್ರೂಣದ ಬೆಳವಣಿಗೆ ಮತ್ತೆ ಶುರುವಾಗುತ್ತದೆ. ನೆಲ ಮುಟ್ಟದ ಕಡ್ಡಿ ಒಣಗಿಹೋಗುತ್ತದೆ. ವಂಶವಾಹಿಗಳು ಒಂದೇ, ಹೊರಗಿನ ಸಂಕೇತ ಬದಲಾದರೆ ಹಣೆಬರಹವೇ ಬೇರೆ.

ಬೆಳೆಯುವ ಕಾಯಿ ಕ್ಯಾಲ್ಸಿಯಂ ಅನ್ನು ಬಹುಪಾಲು ಸುತ್ತಲಿನ ಮಣ್ಣಿನಿಂದ ತಾನೇ ಹೀರುತ್ತದೆ. ಜಿಪ್ಸಂ ಹಾಕಿ ಬುಡಕ್ಕೆ ಮಣ್ಣೇರಿಸುವುದು ಅದಕ್ಕೇ. ಕಡ್ಡಿ ಇಳಿದ ಮೇಲೆ ಎಡೆಕುಂಟೆ ಹೊಡೆಯಬಾರದೆಂಬ ರೈತರ ಕಟ್ಟಳೆಯೂ ಅಪ್ಪಟ ವಿಜ್ಞಾನವೇ.

ಗದಗ, ಲಕ್ಷ್ಮೇಶ್ವರದ ಮೇಷ್ಟ್ರುಗಳೇ, ಶ್ರಾವಣದಲ್ಲಿ ಒಂದು ದಿನ ಮಕ್ಕಳನ್ನು ಶೇಂಗಾ ಹೊಲಕ್ಕೆ ಕರೆದುಕೊಂಡು ಹೋಗಿ.